ಪರರ ಪತ್ತಿನ ವರದಿ

ವ್ಯಾಪಾರದಲ್ಲಿ ಬಂಡವಾಳಕ್ಕಿಂತ ಪತ್ತು ದೊಡ್ಡದೆಂಬುದು ಪೇಟೆಯಲ್ಲಿ ಬೆಳೆದವರಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಹಿಂದೆ ಒಬ್ಬನ ಪತ್ತು ಎಷ್ಟೆಂಬುದು ಅವನ ಕಿರ್ದಿ ಖಾತೆಗಳಲ್ಲಿ, ಅಡತಿ ಅಂಗಡಿಯವರ ನೆನಪಿನಲ್ಲಿ, ಉದ್ರಿ ಕೊಟ್ಟವರ ಮುಖಭಾವದಲ್ಲಿ ಇರುತ್ತಿತ್ತು. ಈಗ ಅದು ವರದಿಯ ರೂಪವನ್ನು ತಾಳಿದೆ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಸಂಸ್ಥೆಯ ಹೆಸರೇ ಜನರ ಬಾಯಲ್ಲಿ ಆ ವರದಿಗೂ ನಿಂತುಬಿಟ್ಟಿದೆ. ಅದಲ್ಲದೆ ಇನ್ನೂ ಮೂರು ಸಂಸ್ಥೆಗಳು ಇದೇ ಕಾರ್ಯವನ್ನು ನಡೆಸುತ್ತಿವೆ. ಬ್ಯಾಂಕುಗಳು ಕಳುಹಿಸುವ ವಿವರಗಳಿಂದ ಇವು ಪ್ರತಿಯೊಬ್ಬ ಸಾಲಗಾರನ ಚರಿತ್ರೆಯನ್ನು ಬರೆದಿಡುತ್ತವೆ. ಯಾವ ಸಾಲ, ಎಷ್ಟು, ಯಾವ ತಿಂಗಳ ಕಂತು ಎಷ್ಟು ದಿನ ತಡವಾಯಿತು, ಯಾವ ಸಾಲಕ್ಕೆ ಜಾಮೀನು ನಿಂತಿದ್ದಾನೆ ಎಂಬುದೆಲ್ಲ ಅಲ್ಲಿರುತ್ತದೆ. ಕೊನೆಗೆ 300ರಿಂದ 900ರೊಳಗಿನ ಒಂದು ಅಂಕ.

ಊರಿನಲ್ಲಿ ಸ್ವಲ್ಪ ಲೆಕ್ಕಪತ್ರ ಬಲ್ಲವನಿದ್ದರೆ ಇಂತಹ ಕೆಲಸಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಬಿ.ಕಾಂ. ಓದಿದ್ದಕ್ಕೆ ನಾನು ಇಂದಿಗೂ ತೆರುತ್ತಿರುವ ಸುಂಕ ಇದು. "ಇವರ ಸಿಬಿಲ್ ಒಂದು ತೆಗೆದುಕೊಡಿ" ಎಂದು ಬರುವವರಲ್ಲಿ ಎರಡು ಬಗೆ. ತಮ್ಮದನ್ನು ತಾವೇ ತೆಗೆಯಲಾರದೆ ನೆರವು ಬೇಡುವವರು ಒಂದು ಬಗೆ. ಮತ್ತೊಬ್ಬರದನ್ನು ಅವರಿಗೆ ತಿಳಿಯದಂತೆ ನೋಡಬಯಸುವವರು ಇನ್ನೊಂದು ಬಗೆ. ಗಣಕಯಂತ್ರದ ಮುಂದೆ ಎರಡೂ ಒಂದೇ ಕೆಲಸದಂತೆ ತೋರುತ್ತವೆ. ಶ್ರಾವಕನ ವ್ರತದ ಮುಂದೆ ಒಂದೇ ಅಲ್ಲ.

ಬಂಧುವೊಬ್ಬರು ಮಗಳ ಸಂಬಂಧ ಗೊತ್ತುಮಾಡುವ ಸಡಗರದಲ್ಲಿದ್ದರು. ವರನಿಗೆ ಸ್ವಂತ ವ್ಯಾಪಾರ. "ಕಾಕಾ, ಹುಡುಗನ ಪ್ಯಾನ್ ಸಂಖ್ಯೆ ನನ್ನ ಬಳಿಯೇ ಇದೆ. ಜನ್ಮದಿನಾಂಕ ಜಾತಕದಲ್ಲಿದೆ. ಇಷ್ಟು ನೋಡಿಬಿಟ್ಟರೆ ಮನಸ್ಸಿಗೆ ಸಮಾಧಾನ" ಎಂದರು. ಪ್ಯಾನ್ ಎಲ್ಲಿಂದ ಬಂತೆಂದರೆ ವರನ ಅಂಗಡಿಯ ಬಿಲ್ಲಿನಿಂದ. ವ್ಯಾಪಾರಿಗಳಿಗೆ ಇದು ತಿಳಿದ ಸಂಗತಿಯೇ: ಹದಿನೈದು ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆಯಲ್ಲಿ ಮೊದಲೆರಡು ರಾಜ್ಯದ ಗುರುತು, ನಮ್ಮ ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರಗಳು ನೋಂದಣಿದಾರನ ಪ್ಯಾನ್. ಒಡೆತನ ಒಬ್ಬನದೇ ಆಗಿದ್ದರೆ ಅದು ಅವನ ಸ್ವಂತ ಪ್ಯಾನ್. ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರುವ ಸಂಖ್ಯೆಯಲ್ಲಿ ಗುಟ್ಟೇನು ಬಂತು ಎಂಬುದು ಅವರ ವಾದ.

ಆದರೆ ಕೈಗೆ ಸಿಕ್ಕಿದ್ದೆಲ್ಲ ಕೊಟ್ಟದ್ದಾಗುವುದಿಲ್ಲ. ನಮ್ಮ ಆಚಾರ್ಯರು ಚೌರ್ಯಕ್ಕೆ ಹೇಳಿದ ಲಕ್ಷಣ ಅದತ್ತಾದಾನ, ಅಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು. ಬೀಗ ಮುರಿದನೇ, ಬಾಗಿಲು ತೆರೆದಿತ್ತೇ ಎಂಬ ವಿಚಾರಣೆ ಅಲ್ಲಿಲ್ಲ. ಆ ತರುಣನು ತನ್ನ ಸಂಖ್ಯೆಯನ್ನು ತೆರಿಗೆಗಾಗಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ್ದಾನೆ. ತನ್ನ ಸಾಲದ ಚರಿತ್ರೆಯನ್ನು ತೆರೆಯುವ ಕೀಲಿಯೆಂದು ಯಾರ ಕೈಗೂ ಕೊಟ್ಟಿಲ್ಲ.

ಇನ್ನೂ ಒಂದು ತೊಡಕಿದೆ. ವರದಿ ಬೇಕಾದರೆ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯನ್ನು ತುಂಬಬೇಕು, ಅದಕ್ಕೆ ಬರುವ ಓ.ಟಿ.ಪಿ.ಯನ್ನು ನಮೂದಿಸಬೇಕು. ಅಲ್ಲಿ ಅವನ ಹೆಸರು ಬರೆದು ನನ್ನ ಸಂಖ್ಯೆ ಕೊಟ್ಟರೆ, 'ನಾನೇ ಅವನು' ಎಂದು ಬರೆದುಕೊಟ್ಟಂತಾಯಿತು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದ್ದಾರೆ. ಒಬ್ಬನು ಹೇಳದಿದ್ದುದನ್ನು ಅವನು ಹೇಳಿದನೆಂಬಂತೆ, ವಂಚಿಸುವ ಸಲುವಾಗಿ ಬರೆಯುವುದು ಅದರ ತಾತ್ಪರ್ಯ. ತಾಳೆಗರಿಯ ಕಾಲದ ಈ ಮಾತು ಮೊಬೈಲಿನ ಪರದೆಗೆ ಇಷ್ಟು ಸರಿಯಾಗಿ ಹೊಂದುವುದನ್ನು ಕಂಡು ನನಗೇ ಬೆರಗಾಯಿತು.

ಬಂಧುಗಳು ಬಿಡಲಿಲ್ಲ. "ನೀವು ಒಲ್ಲೆನೆಂದರೆ ಪೇಟೆಯಲ್ಲಿ ಹಣ ಕೊಟ್ಟರೆ ತೆಗೆಸಿಕೊಡುವವರಿದ್ದಾರೆ" ಎಂದರು. ಇರಬಹುದು. ಕದ್ದು ತಂದ ವಸ್ತುವನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಎರಡೂ ಅಚೌರ್ಯಾಣುವ್ರತದ ಅತಿಚಾರಗಳೇ. ಕಟ್ಟಳೆಯೂ ಸ್ಪಷ್ಟವಾಗಿಯೇ ಇದೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆಯ 22ನೆಯ ಕಲಮಿನ ಪ್ರಕಾರ, ಅಧಿಕಾರವಿಲ್ಲದೆ ಪರರ ಸಾಲದ ಮಾಹಿತಿಯನ್ನು ಪಡೆದವನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು.

ಅವರು ಎತ್ತಿದ ಒಂದು ಆಕ್ಷೇಪ ಮಾತ್ರ ತಳ್ಳಿಹಾಕುವಂತಹುದಾಗಿರಲಿಲ್ಲ. "ಹಿಂದೆ ಹೆಣ್ಣು ಕೊಡುವಾಗ ಹಿರಿಯರು ಪೇಟೆಯಲ್ಲಿ ವಿಚಾರಿಸುತ್ತಿರಲಿಲ್ಲವೇ?" ವಿಚಾರಿಸುತ್ತಿದ್ದರು, ನಿಜ. ನಮ್ಮ ತಂದೆಯವರ ಬಳಿಗೂ ಹಾಗೆ ಕೇಳಲು ಬರುತ್ತಿದ್ದರು. ಆದರೆ ಉತ್ತರ ಕೊಟ್ಟವನು ತನ್ನ ಮಾತಿಗೆ ತಾನು ಹೊಣೆಯಾಗುತ್ತಿದ್ದ. ಒಂದು ವರ್ಷ ಬಾಕಿ ನಿಂತಿತ್ತೆಂದು ಹೇಳಿದವನೇ, ಆ ವರ್ಷ ಆ ಮನೆಯ ಯಜಮಾನ ಹಾಸಿಗೆ ಹಿಡಿದಿದ್ದನೆಂಬುದನ್ನೂ ಹೇಳುತ್ತಿದ್ದ. ವರದಿಯಲ್ಲಿ ಕಂತು ತೊಂಬತ್ತು ದಿನ ತಡವೆಂದು ಇರುತ್ತದೆ, ಏಕೆಂಬುದು ಇರುವುದಿಲ್ಲ. ಹೆಣ್ಣಿನ ತಂದೆಯ ಆತಂಕ ನ್ಯಾಯವಾದದ್ದೇ, ಅದನ್ನು ನಾನು ಹಗುರವಾಗಿ ಕಾಣಲಿಲ್ಲ. ವರನನ್ನೇ ನೇರವಾಗಿ ಕೇಳಿ, ಮಗಳೂ ನೌಕರಿಯಲ್ಲಿರುವುದರಿಂದ ಅವಳದನ್ನೂ ಅವರ ಮುಂದಿಡಿ ಎಂದೆ. ಕೇಳುವುದು ಅವಮಾನವೆಂದು ಅವರಿಗೆ ತೋರಿತು. ಕೇಳದೆ ನೋಡುವುದು ಹಾಗೆ ತೋರಲಿಲ್ಲ! ಕೊನೆಗೆ ಹುಡುಗಿಯೇ ವರನನ್ನು ಕೇಳಿದಳಂತೆ. ಮುಂದಿನದು ಆ ಎರಡು ಮನೆಗಳಿಗೆ ಸೇರಿದ್ದು.

ಮೊದಲ ಬಗೆಯವರ ವಿಷಯದಲ್ಲಿ ನೆರವಾಗುವುದು ಧರ್ಮವೇ. ಆದರೆ ಕಷ್ಟವಿರುವುದು ವರದಿ ಕೈಗೆ ಬಂದ ಮೇಲೆ. ನಮ್ಮ ಬಸದಿಯ ಹಿರಿಯರೊಬ್ಬರು, ಎಪ್ಪತ್ತೆಂಟರ ಪ್ರಾಯದವರು, ಮನೆ ದುರಸ್ತಿಗಾಗಿ ಸಾಲ ಕೇಳಿದಾಗ ಬ್ಯಾಂಕಿನವರು 'ಸಿಬಿಲ್ ಸರಿಯಿಲ್ಲ' ಎಂದು ಹಿಂದಕ್ಕೆ ಕಳುಹಿಸಿದ್ದರು. ಜೀವಮಾನದಲ್ಲಿ ಒಂದು ಕಂತನ್ನೂ ತಪ್ಪಿಸದ ಮನುಷ್ಯ. ಇಂಗ್ಲಿಷ್ ಬಾರದು. ಮಕ್ಕಳಿಗೆ ಹೇಳಲು ಸಂಕೋಚ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರದೇ ಮೊಬೈಲಿಗೆ ಬಂದ ಸಂಖ್ಯೆಯನ್ನು ಅವರ ಬಾಯಿಂದಲೇ ಓದಿಸಿ ಅರ್ಜಿ ತುಂಬಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತನ್ನ ವರದಿಯನ್ನು ತಾನು ನೋಡಿದರೆ ಅಂಕವೇನೂ ಇಳಿಯುವುದಿಲ್ಲ. ಅವರ ಸಾಲಗಳೆಲ್ಲ ಚೊಕ್ಕಟವಾಗಿದ್ದವು. ಕೊನೆಯಲ್ಲೊಂದು ಟ್ರ್ಯಾಕ್ಟರ್ ಸಾಲ. ಇವರು ಅದಕ್ಕೆ ಜಾಮೀನುದಾರರು. ಕಂತುಗಳು ತಿಂಗಳುಗಟ್ಟಲೆ ಬಾಕಿ. ಸಾಲ ಪಡೆದವನ ಹೆಸರು ಅಲ್ಲಿರಲಿಲ್ಲ, ಇರುವುದೂ ಇಲ್ಲ. ಬ್ಯಾಂಕಿನ ಹೆಸರನ್ನೂ ಮೊತ್ತವನ್ನೂ ಓದಿ ಹೇಳಿದೊಡನೆ ಅವರು ಸುಮ್ಮನಾದರು. ಬಹಳ ಹೊತ್ತಿನ ಮೇಲೆ "ತಮ್ಮನದು" ಎಂದರು.

1872ರ ಕರಾರು ಕಾಯಿದೆಯಂತೆ ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಅದನ್ನು ತಿಳಿಸಿ, ತಮ್ಮನನ್ನು ಕರೆಸಿ ಮಾತನಾಡಿರೆಂದು ಒಂದು ಸಲ ಹೇಳಿದೆ. ಅವರು ಒಪ್ಪಲಿಲ್ಲ. ಅವನ ಬೆಳೆ ಎರಡು ವರ್ಷದಿಂದ ಕೈಕೊಟ್ಟಿದೆ, ಬಾಕಿಯನ್ನು ತಾವೇ ಕಟ್ಟುವುದಾಗಿ ಹೇಳಿದರು. ಅದು ಸರಿಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಆ ನಿರ್ಣಯ ಅವರದು. ವರದಿಯನ್ನು ಓದಿಕೊಟ್ಟ ಮಾತ್ರಕ್ಕೆ ನನಗೆ ಆ ಮನೆಯ ಯಜಮಾನಿಕೆ ಬರಲಿಲ್ಲ.

ಮೂರನೆಯ ದಿನ ಆ ತಮ್ಮನೇ ಅಂಗಡಿಗೆ ಬಂದರು. "ಅಣ್ಣನವರು ನಿಮ್ಮಲ್ಲಿಗೆ ಬಂದಿದ್ದರಂತೆ. ಏನಾದರೂ ತೊಂದರೆಯೇ?" ಇಲ್ಲವೆಂದರೆ ಸುಳ್ಳು, ಹೌದೆಂದರೆ ರಹಸ್ಯಭೇದ. ಸತ್ಯಾಣುವ್ರತದ ಐದನೆಯ ಅತಿಚಾರ ಸಾಕಾರಮಂತ್ರಭೇದ: ಹುಬ್ಬಿನ ಚಲನೆಯಂತಹ ಇಂಗಿತಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ, ಅದನ್ನು ಬಯಲು ಮಾಡುವುದು. ನನ್ನ ಮುಖವನ್ನು ನೋಡಿಯೇ ಅವರು ಊಹಿಸಿಕೊಂಡಾರೆಂಬ ಅಂಜಿಕೆ ನನಗಿತ್ತು. ತಕ್ಕಡಿಯಲ್ಲಿದ್ದ ಮಾಲನ್ನು ತೂಗುತ್ತಲೇ "ಬಂದಿದ್ದರು. ಆ ಮಾತನ್ನು ಅವರಿಂದಲೇ ಕೇಳಬೇಕು ನೀವು" ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದರು. ಅಣ್ಣನ ಮನೆಗೆ ಹೋದರೋ, ತಮ್ಮ ಮನೆಗೆ ಹೋದರೋ ನಾನು ವಿಚಾರಿಸಲಿಲ್ಲ.

ಎರಡು ತಿಂಗಳ ತರುವಾಯ ಹಿರಿಯರು ಮತ್ತೆ ಬಂದರು. ಆ ಸಂಸ್ಥೆಯ ಉಚಿತ ವರದಿ ಆ ವರ್ಷಕ್ಕೆ ಮುಗಿದಿದ್ದುದರಿಂದ ಉಳಿದ ಮೂರರಲ್ಲೊಂದರಿಂದ ತೆಗೆದೆವು. ಟ್ರ್ಯಾಕ್ಟರ್ ಸಾಲದ ಬಾಕಿಯ ಎದುರು ಸೊನ್ನೆ ಇತ್ತು. ಕಟ್ಟಿದವರು ಯಾರೆಂದು ಅವರು ಹೇಳಲಿಲ್ಲ. ಪ್ರತಿಯನ್ನು ಅವರ ಕೈಗೆ ಕೊಟ್ಟು, ನನ್ನ ಯಂತ್ರದಲ್ಲಿ ಉಳಿದಿದ್ದುದನ್ನು ಅವರ ಎದುರಿನಲ್ಲಿಯೇ ಅಳಿಸಿಹಾಕಿದೆ.