ಮಾತ್ರೆ ಎಣಿಸುವ ಯಂತ್ರ

ಅಧ್ಯಾಪಕರು ನಾಲ್ವರು ಒಂದೆಡೆ ಸೇರಿದರೆ ಮಾತು ಮೌಲ್ಯಮಾಪನದ ಸಂಭಾವನೆಯಿಂದ ಮೊದಲಾಗಿ ವಿದ್ಯಾರ್ಥಿಗಳ ಅವನತಿಯಲ್ಲಿ ಮುಗಿಯುವುದು ವಾಡಿಕೆ. ಈಚೆಗೆ ನಡುವೆ ಇನ್ನೊಂದು ವಿಷಯ ತೂರಿಕೊಂಡಿದೆ: ತರಗತಿಯಲ್ಲಿ ಕಂಪ್ಯೂಟರನ್ನು ಇಟ್ಟುಕೊಂಡು ಏನು ಮಾಡುವುದು? ವಿಜ್ಞಾನದವರಿಗೆ ಈ ಚಿಂತೆಯಿಲ್ಲ. ಕನ್ನಡದ ಮೇಷ್ಟರ ಪಾಡು ಮಾತ್ರ, ಮದುವೆಮನೆಗೆ ಬಂದ ಅಪರಿಚಿತ ನೆಂಟನನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ತಿಳಿಯದ ಯಜಮಾನನದು.

ಬಹಳ ಮಂದಿ ಹೇಳುವ ಉಪಾಯ ಒಂದೇ, ಟಿಪ್ಪಣಿಯನ್ನು ಪರದೆಯ ಮೇಲೆ ಮೂಡಿಸುವುದು. ಹಿಂದೆ ಹಳದಿಗಟ್ಟಿದ ಕಾಗದ ನೋಡಿ ಓದುತ್ತಿದ್ದೆವು, ಈಗ ಬಿಳಿಯ ಗೋಡೆ ನೋಡಿ ಓದುತ್ತೇವೆ. ವಿದ್ಯುತ್ತಿನ ಖರ್ಚೊಂದು ಹೆಚ್ಚು.

ಆದರೆ ಪ್ರೌಢಶಾಲೆಯ ಅಧ್ಯಾಪಿಕೆಯೊಬ್ಬರು ಹೇಳಿದ ಪ್ರಯೋಗ ನನಗೆ ಬಹಳ ಹಿಡಿಸಿತು. ನಮ್ಮ ಹುಡುಗರು ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಹಾಕಿಬಿಡುತ್ತಾರೆ. (ಹುಡುಗರನ್ನೇಕೆ ಅನ್ನಬೇಕು, ಬೀದಿಯ ಫಲಕಗಳನ್ನು ನೋಡಿ.) ಕಣ್ಣಿಗೆ ಭೇದವೇ ತಿಳಿಯದು. ಆಕೆ ನಾಡಿನ ಹೆಸರನ್ನು ಎರಡು ಬಗೆಯಲ್ಲೂ ಬೆರಳಚ್ಚು ಮಾಡಿಸಿ, ‘ಕರ್ನಾಟಕ’ ಎಲ್ಲೆಲ್ಲಿದೆ ಹುಡುಕಿ ಎಂದರಂತೆ. ‘ಕನಾ೯ಟಕ’ವನ್ನು ಯಂತ್ರ ಗುರುತಿಸಲೇ ಇಲ್ಲ! ಬರೆಯುವಾಗ ಅರ್ಕಾವೊತ್ತು ಅಕ್ಷರದ ಬಾಲಕ್ಕೆ ಹೋಗುತ್ತದೆ; ನುಡಿಯುವಾಗ ರಕಾರವೇ ಮುಂದು. ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನ ಕೊಟ್ಟಿರುವ ಯುನಿಕೋಡ್ ವ್ಯವಸ್ಥೆ ಅಕ್ಷರಗಳನ್ನು ಕೂಡಿಡುವುದು ನುಡಿಯುವ ಕ್ರಮದಲ್ಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲೂ ಮೊದಲು ರ, ಆಮೇಲೆ ಒತ್ತಿನ ಕೀಲಿ, ಆಮೇಲೆ ನ. ನಾವು ಗಂಟಲು ಹರಿದುಕೊಂಡು ಹೇಳುವ ಸಂಯುಕ್ತಾಕ್ಷರದ ಪಾಠ ಬೆರಳಿನಲ್ಲಿ ಕುಳಿತಿತು.

ಇದಕ್ಕೆ ಪ್ರತಿಯಾಗಿ ನನ್ನ ಪ್ರಯೋಗವನ್ನೂ ಹೇಳಿದೆ. ಜಮಾಖರ್ಚು ಬರೆಯುವ ಎಕ್ಸೆಲ್ ಹಾಳೆಯಲ್ಲಿ ಕುಮಾರವ್ಯಾಸನ ಪದ್ಯವನ್ನು ಮನೆಗೊಂದಕ್ಷರದಂತೆ ಬಿಡಿಸಿ ಬರೆಸುತ್ತೇನೆ. ಕೆಳಗಿನ ಮನೆಯಲ್ಲಿ ಲಘುವಿಗೆ ೧, ಗುರುವಿಗೆ ೨. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ೧೪ ಮಾತ್ರೆ, ಮೂರು ಮತ್ತು ಆರನೆಯದಕ್ಕೆ ೨೩, ಒಟ್ಟು ೧೦೨. ಕೂಡಿದ್ದು ತಪ್ಪಿದರೆ ಆ ಮನೆ ಕೆಂಪಾಗುತ್ತದೆ. ಅರವತ್ತು ಮಂದಿಗೆ ಒಂದೇ ಕಂಪ್ಯೂಟರಾದರೂ, ಕೆಂಪು ಕಂಡೊಡನೆ ಅರವತ್ತು ಬಾಯಿಯೂ ತೆರೆಯುತ್ತವೆ.

ಕೇಳುತ್ತಿದ್ದ ಹಿರಿಯರೊಬ್ಬರು, ಒಳ್ಳೆಯ ಗಮಕಿಗಳು, “ಷಟ್ಪದಿಯನ್ನು ಕಿರಾಣಿ ಅಂಗಡಿಯ ಲೆಕ್ಕ ಮಾಡಿದಿರಿ” ಎಂದುಬಿಟ್ಟರು. ಮಾತು ನಾಟಿತು. ಅವರ ಕಾಲದ ಹುಡುಗನಿಗೆ ಭಾಮಿನಿಯ ನಡೆ ಜಗಲಿಯ ಮೇಲಿನ ಭಾರತವಾಚನದಿಂದ ಕಿವಿಗೆ ಬಂದಿತ್ತು, ಲೆಕ್ಕ ಆಮೇಲಿನದು. ನನ್ನ ವಿದ್ಯಾರ್ಥಿಗಳಿಗೆ ಆ ಜಗಲಿಯೇ ಇಲ್ಲ. ಲೆಕ್ಕವನ್ನಷ್ಟೇ ಕೊಟ್ಟು ಕಳಿಸಿದರೆ ಅವರ ಪಾಲಿಗೆ ಕುಮಾರವ್ಯಾಸ ೧೦೨ರ ಒಂದು ಅಂಕಿಯಾಗಿ ಉಳಿಯುವ ಅಪಾಯ ಉಂಟು. ವಾದಿಸದೆ, ಒಮ್ಮೆ ತರಗತಿಗೆ ದಯಮಾಡಿಸಬೇಕೆಂದು ಕೇಳಿಕೊಂಡೆ. ಬಂದರು.

ಆ ದಿನ ಮೂರನೆಯ ಪಾದ ೨೨ಕ್ಕೆ ನಿಂತು ಕೆಂಪಾಯಿತು. ಎರಡು ಸಲ ಎಣಿಸಿದರೂ ೨೨. ಕವಿಯೇ ತಪ್ಪಿದನೆಂದು ಹಿಂದಿನ ಬೆಂಚು ತೀರ್ಪು ಕೊಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಗಮಕಿಗಳು ಎದ್ದು ಆ ಪಾದವನ್ನು ಹಾಡಿದರು; ಕೊನೆಯ ಅಕ್ಷರದ ಮೇಲೆ ದನಿ ತುಸು ಇಳಿದು ನಿಂತಿತು. ಮತ್ತೊಮ್ಮೆ ಹಾಡಿದರು. ಪಾದಾಂತ್ಯದ ಲಘು ಗುರುವಾಗುವುದೆಂಬ ನಿಯಮವನ್ನು ನಾನು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬರೆದವನೇ. ಅದನ್ನು ಅಷ್ಟೂ ಮಂದಿ ಒಟ್ಟಿಗೆ ಕೇಳಿಸಿಕೊಂಡದ್ದನ್ನು ಕಂಡದ್ದು ಅಂದೇ. ಮುಂದಿನ ಸಾಲಿನ ಹುಡುಗಿಯೊಬ್ಬಳು, ಯಾರೂ ಹೇಳದೆ, ಎದ್ದು ಹೋಗಿ ಕೊನೆಯ ಮನೆಯ ೧ನ್ನು ಅಳಿಸಿ ೨ ಮಾಡಿದಳು. ಕೆಂಪು ಹೋಯಿತು.

ಗಮಕಿಗಳು ಕೂರಲಿಲ್ಲ. “ಇನ್ನೊಂದು ಪದ್ಯ ಹಾಕಿ” ಎಂದರು.