ಗುರುವಾರದ ಹಾಳೆ

ಅಕ್ಕಲಕೋಟ, ಡಿಸೆಂಬರ್ 23, 2024. ಸೋಮವಾರ, ರಾತ್ರಿ

ಈ ವಾರದ ಹಾಳೆಗೆ ವಿಷಯ ಶೇಂಗಾ ಹಿಂಡಿ. ಗಟ್ಟಿ ಮಾಡಿಕೊಂಡೆ.

ಸಂಜೆ ಹಿಂದಿನ ಮನೆಯ ಸೊಸೆ ಕುಟ್ಟುವಾಗ ಹೋಗಿ ಕೂತಿದ್ದೆ. ಹುರಿದ ಶೇಂಗಾ, ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಇಷ್ಟೇ. ಮಿಕ್ಸರಿಗೆ ಹಾಕಿದರೆ ಪುಡಿಯಾಗುತ್ತದೆ. ಒರಳಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. ಸೊಲ್ಲಾಪುರದ ಹಿಂಡಿಗೆ ಹೆಸರು ಬಂದದ್ದು ಈ ಎಣ್ಣೆಯಿಂದ.

“ಯಾವಾಗ ನಿಲ್ಲಸಬೇಕು ಅಂತ ಹೆಂಗ ಗೊತ್ತಾಗ್ತದ?” ಅಂತ ಕೇಳಿದೆ.

“ಸಪ್ಪಳ ಬದಲಾಗ್ತದರಿ ಬಾಯಾರ.”

ಕೇಳಿಸಿಕೊಂಡೆ. ನಿಜ. ಮೊದಲು ಟಕಟಕ, ಆಮೇಲೆ ಮೆತ್ತಗೆ. ಇಷ್ಟು ವರ್ಷ ತಿಂದಿದ್ದೇನೆ, ಇದನ್ನು ಕೇಳಿರಲಿಲ್ಲ.

ಡಿಸೆಂಬರ್ 25. ಬುಧವಾರ, ರಾತ್ರಿ 11

ಬರೆದಾಯಿತು. ಕಣ್ಣು ಉರಿಯುತ್ತಿದೆ.

ಶಾಲೆಯಿಂದ ನಿವೃತ್ತಳಾದ ಮೇಲೆ ಹಿಡಿದ ವ್ರತ ಇದು. ವಾರಕ್ಕೊಂದು ಹಾಳೆ, ಕೈಬರಹದ್ದು, ವಾಚನಾಲಯದ ಹೊರಗಿನ ಹಲಗೆಗೆ. ವಿಷಯಕ್ಕೆ ಕಟ್ಟಿಲ್ಲ. ಹಕ್ಕಿ, ಕೌದಿ, ಶಾಸನ, ಸಂತೆಯ ದರ, ಏನಾದರೂ ಸರಿ. ದಿನಕ್ಕೆ ಮಾತ್ರ ಕಟ್ಟು. ಗುರುವಾರ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಜನ ಕೂಡುತ್ತಾರೆ. ಆಳಂದ, ಅಫಜಲಪುರ, ಇಂಡಿ ಕಡೆಯವರೂ ಬರುತ್ತಾರೆ. ಕನ್ನಡ ಓದುವವರು.

ಹಾ.ಮಾ. ನಾಯಕರು ನೆನಪಾದರು. ಅವರ ಅಂಕಣ ಬರಹಗಳ ಪುಸ್ತಕ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಡುವಿಗೆ ಬರೆದದ್ದೂ ಉಳಿಯುತ್ತದೆ ಅಂತ ಆಗ ಎಷ್ಟು ಸಂತೋಷಪಟ್ಟಿದ್ದೆ. ಅವರಿಗೆ ಪತ್ರಿಕೆಯಿತ್ತು, ನನಗೆ ನಾಲ್ಕು ಗುಂಡುಪಿನ್ನು. ಆದರೆ ಗಡುವು ಇಬ್ಬರಿಗೂ ಒಂದೇ. ಗುರುವಾರ ಅನ್ನೋದು ಇಲ್ಲದಿದ್ದರೆ ನಾನು ಸೋಮವಾರ ಒರಳಿನ ಹತ್ತಿರ ಹೋಗಿ ಕೂರುತ್ತಿರಲಿಲ್ಲ.

ಡಿಸೆಂಬರ್ 26. ಗುರುವಾರ

ಬೆಳಿಗ್ಗೆ 8ಕ್ಕೆ ಹಚ್ಚಿ ಬಂದೆ.

ಹನ್ನೊಂದರ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದರು. ಒಬ್ಬಳು ಓದುತ್ತಿದ್ದಳು, ಇನ್ನೊಬ್ಬಳು ಕೇಳುತ್ತಿದ್ದಳು. “ನಮ್ಮ ಕಡೆ ಗುರೆಳ್ಳೂ ಹಿಂಗs ಕುಟ್ತೀವಿ” ಅಂದಳು ಕೇಳುತ್ತಿದ್ದವಳು. ಗುರೆಳ್ಳು! ಮುಂದೆ ಎಂದಾದರೂ.

ಮಧ್ಯಾಹ್ನ ಓಣಿಯ ಹುಡುಗ ಬಂದ. ಮರಾಠಿ ಶಾಲೆ, ಏಳನೇ ಇಯತ್ತೆ. ಮನೆಯಲ್ಲಿ ಕನ್ನಡವೇ. ಹಲಗೆಯನ್ನು ಅಷ್ಟು ಹೊತ್ತು ನೋಡಿ, “ಏನ್ ಬರದೀರಿ ಬಾಯಿ?” ಅಂದ. “ಓದಿ ನೋಡು” ಅಂದೆ.

“ನನಗ ಬರಂಗಿಲ್ಲ. ನೀವs ಓದ್ರಿ.”

ಪೂರ್ತಿ ಓದಿದೆ. ಸಪ್ಪಳದ ಮಾತಿಗೆ ನಕ್ಕ. ಎಲ್ಲ ತಿಳಿಯಿತು ಅವನಿಗೆ, ಒಂದು ಶಬ್ದವೂ ಬಿಡದೆ. ಅಕ್ಷರ ಮಾತ್ರ ಗೊತ್ತಿಲ್ಲ.

ಮನೆಗೆ ಬಂದರೂ ಊಟ ಸೇರಲಿಲ್ಲ.

ಡಿಸೆಂಬರ್ 30. ಸೋಮವಾರ

ಎಳ್ಳಮಾಸಿ. ಅಣ್ಣನ ಹೊಲ.

ಕಣಿಕೆಯ ಕೊಪ್ಪಿ ಕಟ್ಟಿ, ಐದು ಕಲ್ಲು ಇಟ್ಟು ಪಾಂಡವರ ಪೂಜೆ. ಹೊಲದ ತುಂಬ ಚರಗ ಚೆಲ್ಲಿದರು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ವೈನಿ ಮಾಡುವ ಭಜ್ಜಿಯ ರುಚಿ ಬೇರೆ ಎಲ್ಲೂ ಇಲ್ಲ. ಹಸಿ ಕಡಲೆ, ಅವರೆ, ತೊಗರಿ, ಸೊಪ್ಪು, ಹುಣಸೆ, ಕಡಲೆಹಿಟ್ಟು.

ಜೋಳ ಎದೆಮಟ್ಟ ನಿಂತಿದೆ. ಮಾಲದಂಡಿ. ಬಿತ್ತಿದ ಮೇಲೆ ಮಳೆ ಬರಲಿ ಬಿಡಲಿ, ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುತ್ತದೆ. ಈ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ ನಾಡತಳಿಯಿಂದ ಆರಿಸಿ ತೆಗೆದ ತಳಿ ಇದು, ಎಂ 35-1. ಎಷ್ಟು ಹೊಸ ತಳಿ ಬಂದರೂ ಅಣ್ಣ ಇದನ್ನು ಬಿಟ್ಟಿಲ್ಲ. “ರೊಟ್ಟಿ ಮೆತ್ತಗಾಗ್ತದ, ಕಣಿಕಿ ದನ ತಿಂತಾವ, ಮತ್ತೇನ ಬೇಕು?”

ದಂಟು ಮುರಿದು ಕೈಯಲ್ಲಿ ಹಿಡಿದು ಕೂತೆ. ಮನಸ್ಸು ತುಂಬಿ ಬಂತು. ಬರೆಯುವ ಆಸೆ ಈ ಹೊಲದಿಂದಲೇ ಬಂದದ್ದು ಅನ್ನಿಸುತ್ತದೆ. ಅಪ್ಪ ಒಂದೊಂದು ಸಸಿಯ ಹೆಸರೂ ಹೇಳಿಸುತ್ತಿದ್ದರು.

ಜನವರಿ 2, 2025. ಗುರುವಾರ

ಜೋಳದ ಹಾಳೆ ಹಚ್ಚಿದೆ.

ಒಬ್ಬ ಹಿರಿಯರು ಬಂದು ಮರಾಠಿಯಲ್ಲಿ ಹೇಳಿದರು: ಚೆನ್ನಾಗಿದೆ ಅಂತ ಮಂದಿ ಹೇಳುತ್ತಾರೆ, ನಮಗೆ ಓದಲಾಗದು, ಪಕ್ಕದಲ್ಲಿ ಮರಾಠಿಯಲ್ಲೂ ಒಂದು ಹಚ್ಚಿ. ಪ್ರೀತಿಯಿಂದ ಕೇಳಿದರು. ಮರಾಠಿ ನನಗೆ ಪರಕೀಯವಲ್ಲ. ಸಂತೆ, ಕಚೇರಿ, ಬಸ್ಸು, ಅರ್ಧ ಜೀವನ ಅದರಲ್ಲೇ ಕಳೆದದ್ದು.

ಆದರೆ ಪಕ್ಕದಲ್ಲಿ ಮರಾಠಿ ಬಂದರೆ ಆ ಹುಡುಗ ಅದನ್ನು ಓದಿ ಹೋಗುತ್ತಾನೆ. ನನ್ನ ಹತ್ತಿರ ಬಂದು “ಓದ್ರಿ” ಅನ್ನುವುದಿಲ್ಲ. ಇದು ಸ್ವಾರ್ಥವೇ? ಗೊತ್ತಾಗುತ್ತಿಲ್ಲ.

ಸೊಲ್ಲಾಪುರ, ಜನವರಿ 7. ಮಂಗಳವಾರ

ಎಸ್‌ಟಿ ಬಸ್ಸು ತುಂಬಿ ತುಳುಕಿತ್ತು. ಮಗಳ ಮನೆ.

ಸಂಜೆ ಸಿದ್ಧೇಶ್ವರ ಗುಡಿ. ಕೆರೆಯ ದಂಡೆಗೆ ಕೂತೆ. ಗಡ್ಡಾ ಜಾತ್ರೆಗೆ ದೀಪ ಕಟ್ಟುತ್ತಿದ್ದಾರೆ. ಕೆರೆ ಕಟ್ಟಿಸಿದ ಸಿದ್ಧರಾಮರು, ವಚನ ಬರೆದ ಸಿದ್ಧರಾಮರು. ಎರಡೂ ಕಾಯಕ ಒಬ್ಬರದೇ.

ಅಲ್ಲಿ ಜಯದೇವಿತಾಯಿ ಲಿಗಾಡೆ ನೆನಪಾದರು. 1912ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಕಲಿತ ಶಾಲೆ ಮರಾಠಿ. ಕನ್ನಡ ಅಕ್ಷರ ಆಮೇಲೆ ತಾವೇ ಕಲಿತರು. ಹಾಗೆ ಕಲಿತ ಕನ್ನಡದಲ್ಲಿ ಸಿದ್ಧರಾಮ ಪುರಾಣ ಬರೆದರು, ತ್ರಿಪದಿಯಲ್ಲಿ. 1974ರಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು.

ಶಾಲೆ ಮರಾಠಿ. ಮನೆ ಕನ್ನಡ. ಆ ಹುಡುಗನದೂ ಅದೇ ಅಲ್ಲವೇ?

ಅವರ ಹಿಂದೆ ಇಡೀ ಶರಣ ಪರಂಪರೆ ಇತ್ತು, ಕಾಲವೂ ಬೇರೆ. ಇಷ್ಟು ಬೇಗ ಆಸೆಪಡಬಾರದು. ಆದರೂ ಈ ವಾರದ ಹಾಳೆ ಅವರ ಮೇಲೆಯೇ.

ಜನವರಿ 9. ಗುರುವಾರ

ನಸುಕಿನ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಬಂದು ಹಚ್ಚಿ, ಮಧ್ಯಾಹ್ನ ಮತ್ತೆ ಸೊಲ್ಲಾಪುರ. “ಒಂದ ವಾರ ಬಿಟ್ರ ಏನಾಗ್ತದ ಅವ್ವಾ?” ಅಂತ ಮಗಳು. ಸಿಟ್ಟು ಮಾಡಲಿಲ್ಲ ಅವಳು, ಚಿಂತೆ ಅವಳಿಗೆ, ನನ್ನ ಮೊಣಕಾಲಿನದು.

ಒಂದು ವಾರ ಬಿಟ್ಟರೆ ಎರಡನೆಯದು ಸಲೀಸು. ಅದೇ ಭಯ.

ಹುಡುಗ ಬರಲಿಲ್ಲ.

ಜನವರಿ 12. ಭಾನುವಾರ

ಹುತಾತ್ಮ ದಿನ. ಚೌಕದಲ್ಲಿ ಹೂಮಾಲೆ. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. 1930ರ ಸೊಲ್ಲಾಪುರದ ಮಾರ್ಷಲ್ ಲಾ ಆದಮೇಲೆ, 1931ರ ಇದೇ ದಿನ ಯೆರವಡಾ ಜೈಲಿನಲ್ಲಿ ನಾಲ್ವರಿಗೂ ಗಲ್ಲು.

ಹೂ ಇಟ್ಟು ಬಂದೆ. ಇಂದು ಬರೆಯುವ ಮನಸ್ಸಿಲ್ಲ.

ಜನವರಿ 14. ಮಂಗಳವಾರ, ಸಂಜೆ

ಗಡ್ಡಾ ಜಾತ್ರೆ, ಸಮ್ಮತಿ ಕಟ್ಟೆ. ನೂಕುನುಗ್ಗಲು. ಏಳು ನಂದಿಕೋಲು ಬಂದವು. ನಿನ್ನೆ ಇವೇ ಊರ ಸುತ್ತ 68 ಲಿಂಗಗಳಿಗೆ ಎಣ್ಣೆಮಜ್ಜನಕ್ಕೆ ನಡೆದದ್ದು. ಹೊರುವವರು ಬಿಳಿ ಬಾರಾಬಂದಿ ತೊಟ್ಟು, ಸೊಂಟದ ಪಟ್ಟಿಯಲ್ಲಿ ಕೋಲಿನ ಬುಡ ನಿಲ್ಲಿಸಿ, ಮುಖ ಮೇಲೆತ್ತಿ ಹೆಜ್ಜೆ ಹಾಕುತ್ತಾರೆ. ಕಣ್ಣೆಲ್ಲ ತುದಿಯ ಮೇಲೆ. ಸಿದ್ಧರಾಮರ ಕಥೆಯ ಕುಂಬಾರ ಕನ್ಯೆಯ ಮದುವೆ. “ದಿಡ್ಡಂ, ಸತ್ಯಂ” ಅನ್ನುವ ಕೂಗಿಗೆ ಅಕ್ಷತೆ ಹಾರಿತು. ಕನ್ನಡ, ಮರಾಠಿ, ತೆಲುಗು ಮಾತಾಡುವ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು.

ಮೊಮ್ಮಗಳು ಹೆಗಲೇರಿ ಅಕ್ಕಿ ಎಸೆದಳು. “ಅಜ್ಜಿ, ಆ ಕೋಲು ಬಿದ್ರ?” “ಬೀಳಂಗಿಲ್ಲ. ನಡೀತಿದ್ರ ಬೀಳಂಗಿಲ್ಲ, ನಿಂತಾಗ ಹೆಚ್ಚು ಜ್ವಾಕಿ” ಅಂದರು ಪಕ್ಕದಲ್ಲಿದ್ದ ಕೋಲಿನವರು, ಬೆವರು ಒರೆಸಿಕೊಳ್ಳುತ್ತ.

ವಿಷಯ ಸಿಕ್ಕಿತು. ಸೊಂಟಪಟ್ಟಿಯ ಬಗ್ಗೆ ಇನ್ನಷ್ಟು ಕೇಳಬೇಕು.

ಅಕ್ಕಲಕೋಟ, ಜನವರಿ 16. ಗುರುವಾರ, ರಾತ್ರಿ

ನಂದಿಕೋಲಿನ ಹಾಳೆ. ಚಿತ್ರವನ್ನೂ ಬರೆದೆ.

ಹುಡುಗ ಬಂದಿದ್ದ. ಅರ್ಧ ಓದಿಸಿಕೊಂಡ. ನಡುವೆ ನಿಲ್ಲಿಸಿ ಕೇಳಿದ: “ಬಾಯಿ, ಅಕ್ಕಲಕೋಟ ರೋಡ್ ಸ್ಟೇಶನ್ ಊರಿಂದ ಅಷ್ಟ ದೂರ ಯಾಕದ? ಅದನ್ನ ಬರೀರಿ.”

ನನ್ನ ಹಾಳೆಗೆ ಬೇರೆಯವರು ವಿಷಯ ಕೊಟ್ಟದ್ದು ಇದೇ ಮೊದಲು. ತಲೆಬರಹದಲ್ಲಿ ‘ರೈಲು’ ಅಂತ ದೊಡ್ಡದಾಗಿ ಬರೆದರೆ ಅದೊಂದನ್ನಾದರೂ ಗುರುತು ಹಿಡಿದಾನೇ? ಅಕ್ಷರ ಕಲಿಸಲೇ ಅಂತ ಕೇಳುವ ಧೈರ್ಯ ಇಂದೂ ಬರಲಿಲ್ಲ. ಕೇಳಿದರೆ ಇದೂ ಶಾಲೆ ಅಂತ ಬರುವುದನ್ನೇ ಬಿಟ್ಟಾನು.

ಮರಾಠಿ ಹಾಳೆಯ ಮಾತೂ ಹಾಗೆಯೇ ಉಳಿದಿದೆ. ಹಿರಿಯರಿಗೆ ಏನೂ ಹೇಳಿಲ್ಲ.

ಶನಿವಾರ ಸ್ಟೇಶನ್‌ಗೆ ಹೋಗಬೇಕು. ಹಳೆಯ ಗ್ಯಾಂಗ್‌ಮನ್‌ಗಳು ಯಾರಾದರೂ ಸಿಕ್ಕಾರು.