ಕಾಂತೇಶನ ಊರಿನಲ್ಲಿ ಇನ್ನೊಂದು ದಿನ

ಶ್ರಾವಣದ ಶನಿವಾರ ಬಂತೆಂದರೆ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಗೆ ನಸುಕಿನಲ್ಲೇ ಜನ ಬರತೊಡಗುತ್ತಾರೆ. ಟೆಂಪೋ, ಕ್ರೂಸರ್, ಕಾರು, ಬೈಕು. ಬಂದವರಲ್ಲಿ ಬಹಳಷ್ಟು ಮಂದಿಗೆ ಅವಸರ. ಕಾಂತೇಶನಿಗೆ ಕಾಯಿ ಒಡೆಸಬೇಕು, ಪ್ರದಕ್ಷಿಣೆ ಹಾಕಬೇಕು, ತೀರ್ಥ ತೆಗೆದುಕೊಂಡು ಚಪ್ಪಲಿ ಮೆಟ್ಟಿಕೊಂಡವರೇ ಗಾಡಿ ಹತ್ತಬೇಕು. ಮುಂದೆ ಇನ್ನೂ ಇಬ್ಬರು ಹನುಮಂತರು ಕಾದಿದ್ದಾರೆ.

ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ತಾಲ್ಲೂಕು ಸಾತೇನಹಳ್ಳಿಯ ಶಾಂತೇಶ, ಶಿವಮೊಗ್ಗ ಜಿಲ್ಲೆ ಶಿಕಾರಿಪುರದ ಭ್ರಾಂತೇಶ. ಈ ಮೂವರನ್ನೂ ಒಂದೇ ದಿನ, ಸೂರ್ಯ ಹುಟ್ಟಿ ಮುಳುಗುವುದರೊಳಗೆ ಕಂಡುಬಂದರೆ ಕಾಶಿಗೆ ಹೋಗಿ ಬಂದಷ್ಟು ಪುಣ್ಯ ಎಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ಭ್ರಾಂತೇಶನಿಗೆ ಹುಚ್ಚರಾಯಸ್ವಾಮಿ ಎಂಬ ಹೆಸರೂ ಇದೆ. ರಾಣೆಬೆನ್ನೂರು ಕಡೆಯಿಂದ ಹೊರಟವರಿಗೆ ಕಾಂತೇಶನೇ ಮೊದಲು, ಮಲೆನಾಡಿನ ಕಡೆಯಿಂದ ಬಂದವರಿಗೆ ಕೊನೆ.

ಎತ್ತಿನ ಗಾಡಿಯ ಕಾಲದಲ್ಲಿ ಇದು ನಿಜಕ್ಕೂ ಕಠಿಣ ವ್ರತವೇ ಆಗಿದ್ದಿರಬೇಕು. ಈ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 15 ನಿಮಿಷ. ಜೂನ್ ಕೊನೆಯಲ್ಲಿ ಹೆಚ್ಚುಕಡಿಮೆ 13 ಗಂಟೆ. ಹರಕೆ ಹೊತ್ತವರು ಬೇಸಿಗೆಯ ದಿನ ಆರಿಸಿಕೊಂಡರೆ ಸೂರ್ಯನೇ ಒಂದೂಮುಕ್ಕಾಲು ಗಂಟೆ ಹೆಚ್ಚು ಕೊಡುತ್ತಾನೆ. ಈಗ ಡಾಂಬರು ರಸ್ತೆ, ಸ್ವಂತ ಗಾಡಿ. ಮಧ್ಯಾಹ್ನದ ಹೊತ್ತಿಗೇ ಮೂರೂ ಮುಗಿಸಿ, ಸಂಜೆಯ ಟೀ ಮನೆಯಲ್ಲಿ ಕುಡಿಯುವವರಿದ್ದಾರೆ. ವ್ರತ ಸುಲಭವಾಯಿತು. ಅದರ ಜೊತೆಗೇ ಊರು ನೋಡುವ ಪುರುಸೊತ್ತೂ ಹೋಯಿತು.

ಕಾಂತೇಶನನ್ನಾದರೂ ನಿಧಾನವಾಗಿ ನೋಡಬೇಕು. ಮೂರ್ತಿಯ ಕಣ್ಣುಗಳು ಸೂರ್ಯ ಸಾಲಿಗ್ರಾಮದವು ಎಂದು ಭಕ್ತರು ಹೇಳುತ್ತಾರೆ. ಮೂರೂ ಕಡೆಯ ಹನುಮಂತರನ್ನು ಪ್ರತಿಷ್ಠಾಪಿಸಿದವನು ಜನಮೇಜಯ ಎಂಬುದು ಸ್ಥಳ ಪ್ರತೀತಿ. ಸಾಲಿಗ್ರಾಮದ ಹುಟ್ಟು ಹೇಗೆಂಬುದು ತಿಳಿದರೆ ಆ ಕಣ್ಣುಗಳ ಬಗ್ಗೆ ಕುತೂಹಲ ಇನ್ನೂ ಹೆಚ್ಚುತ್ತದೆ. ಅವು ನೇಪಾಳದ ಗಂಡಕಿ ನದಿಯ ಪಾತ್ರದಲ್ಲಿ ಸಿಗುವ ಪಳೆಯುಳಿಕೆಗಳು. ಹಿಮಾಲಯ ಹುಟ್ಟುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಈಜಾಡಿಕೊಂಡಿದ್ದ, ಸುರುಳಿ ಚಿಪ್ಪಿನ ಅಮ್ಮೊನೈಟ್ ಎಂಬ ಜೀವಿಗಳು 14 ಕೋಟಿ ವರ್ಷಗಳಷ್ಟು ಹಿಂದೆ ಕೆಸರಿನಲ್ಲಿ ಹೂತು ಕಲ್ಲಾದವು. ಸಮುದ್ರದ ತಳ ಪರ್ವತವಾಗಿ ಎದ್ದಿತು. ಅದರ ಕಲ್ಲು ನದಿಗೆ ಉರುಳಿ ಗುಂಡಗಾಯಿತು. ಅದನ್ನು ಯಾರೋ ಹೊತ್ತು ತಂದರು, ಪೂಜೆಗಿಟ್ಟರು. ಭಕ್ತಿಗೂ ಭೂಗರ್ಭಶಾಸ್ತ್ರಕ್ಕೂ ಇಲ್ಲಿ ಜಗಳವೇನೂ ಇಲ್ಲ.

ಕನಕದಾಸರು ತಮ್ಮ ‘ಮೋಹನತರಂಗಿಣಿ’ಯನ್ನು ರಚಿಸಿದ್ದು ಇದೇ ಕಾಂತೇಶನ ಸನ್ನಿಧಿಯಲ್ಲಿ ಎಂದು ಈ ಭಾಗದ ಜನ ನಂಬುತ್ತಾರೆ. ನಂಬಲು ಕಷ್ಟವೇನಲ್ಲ. ದಾಸರು ನೆಲೆಸಿದ ಕಾಗಿನೆಲೆ ಇದೇ ಬ್ಯಾಡಗಿ ತಾಲ್ಲೂಕಿನದು. ಹುಟ್ಟಿದ ಬಾಡ ಅದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಸಾಂಗತ್ಯದಲ್ಲಿರುವ ಆ ಕಾವ್ಯದ ದ್ವಾರಕೆಯ ವರ್ಣನೆಯಲ್ಲಿ ವಿಜಯನಗರದ ವೈಭವ ಇಣುಕುತ್ತದೆ ಎಂದು ಓದಿದವರು ಗುರುತಿಸಿದ್ದಾರೆ. ಇಂಥ ಸಣ್ಣ ಊರಿನ ಗುಡಿಯಲ್ಲಿ ಕುಳಿತು ಅಂಥ ದೊಡ್ಡ ಪೇಟೆಯನ್ನು ಕಣ್ಣ ಮುಂದೆ ತಂದುಕೊಳ್ಳುವುದೆಂದರೆ ಸಾಮಾನ್ಯವೇ? ಗಾಡಿಯ ಹಾರ್ನು ಕೇಳುತ್ತಿರುವವರಿಗೆ ಇದನ್ನೆಲ್ಲ ಯೋಚಿಸಲು ಎಲ್ಲಿ ಬಿಡುವು!

ಆದ್ದರಿಂದ ಮೂರು ದೇವರ ದಿನದ ಜೊತೆಗೆ ಇನ್ನೊಂದು ದಿನ ಇಟ್ಟುಕೊಂಡು ಬರುವುದು ಒಳ್ಳೆಯದು. ಆ ದಿನಕ್ಕೆ ಮೊದಲ ಊರು ಕಾಗಿನೆಲೆ. ದಾಸರ ಅಂಕಿತದಲ್ಲಿರುವ ಆದಿಕೇಶವನ ಗುಡಿಯೂ ಅವರ ಸಮಾಧಿಯೂ ಅಲ್ಲಿವೆ. ಹಾಡಿನಲ್ಲಿ ಸಾವಿರ ಸಲ ಕೇಳಿದ ಹೆಸರು ರಸ್ತೆ ಬದಿಯ ಫಲಕದಲ್ಲಿ ಕಂಡಾಗ ಆಗುವ ಸಂತೋಷವೇ ಬೇರೆ.

ಎರಡನೆಯದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಇದನ್ನು ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಬೇಕು. ಜನವರಿಯಿಂದ ಬೇಸಿಗೆಯವರೆಗೆ, ಸೋಮವಾರ ಮತ್ತು ಗುರುವಾರ, ಕೃಷಿ ಮಾರುಕಟ್ಟೆಯ ಪ್ರಾಂಗಣವೆಲ್ಲ ಕೆಂಪು. ಚೀಲದ ಮೇಲೆ ಚೀಲ, ರಾಶಿಯ ಪಕ್ಕ ರಾಶಿ. ಗಾಳಿಯಲ್ಲೇ ಘಾಟು. ಇಲ್ಲಿ ಕೂಗಿ ಹರಾಜು ಹಾಕುವುದಿಲ್ಲ. ವ್ಯಾಪಾರಿಗಳು ಕಾಯಿ ಮುರಿದು, ಬಣ್ಣ ನೋಡಿ, ಒಂದೊಂದು ಲಾಟಿಗೂ ಟೆಂಡರ್ ಹಾಕುತ್ತಾರೆ.

ಬ್ಯಾಡಗಿ ಕಾಯಿಯ ವಿಶೇಷ ಅದರ ಬಣ್ಣದಲ್ಲಿದೆ, ಖಾರದಲ್ಲಿ ಅಲ್ಲ. ಕೆಂಪು ಹೆಚ್ಚಾದಷ್ಟೂ ಖಾರ ಹೆಚ್ಚು ಎಂದು ತಿಳಿದವರೇ ಬಹಳ. ಆದರೆ ಕೆಂಪನ್ನು ಕೊಡುವುದು ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್; ಖಾರ ಕೊಡುವುದು ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ ಹುಟ್ಟುವ ಕ್ಯಾಪ್ಸೈಸಿನ್. ಎರಡಕ್ಕೂ ಸಂಬಂಧವಿಲ್ಲ. ಬ್ಯಾಡಗಿಯದರಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಕಡಿಮೆ. ಸುಕ್ಕು ಸುಕ್ಕಾದ ಉದ್ದನೆಯ ‘ಕಡ್ಡಿ’ಯಲ್ಲಿ ಬೀಜ ಕಡಿಮೆ, ಗಿಡ್ಡನೆಯ, ದುಂಡನೆಯ ‘ಡಬ್ಬಿ’ಯಲ್ಲಿ ಹೆಚ್ಚು. ಇದರಿಂದ ತೆಗೆದ ಓಲಿಯೋರೆಸಿನ್ ಆಹಾರ ಪದಾರ್ಥಗಳಿಂದ ಹಿಡಿದು ತುಟಿಗೆ ಹಚ್ಚುವ ಬಣ್ಣದವರೆಗೆ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮೆಣಸಿನಕಾಯಿ ನಮ್ಮ ದೇಶಕ್ಕೆ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು 16ನೇ ಶತಮಾನದಲ್ಲಿ. ಕನಕದಾಸರು ಹಾಡುತ್ತಿದ್ದ ಶತಮಾನವೂ ಅದೇ.

ಮಾರುಕಟ್ಟೆಯಲ್ಲಿ ಸಂತೋಷವಷ್ಟೇ ಇಲ್ಲ. 2024ರ ಮಾರ್ಚ್ 11ರಂದು ಬೆಲೆ ಒಮ್ಮೆಲೇ ಕುಸಿದಾಗ ಸಿಟ್ಟಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿ ದೇಶವೆಲ್ಲ ಓದಿತು. ಬ್ಯಾಡಗಿಯ ಹೆಸರಿನಲ್ಲಿ ಮಾರಾಟವಾಗುವ ಕಾಯಿಯಲ್ಲಿ ಬಹುಪಾಲು ಈಗ ಹೊರಗಿನದು. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿಗಳು ಬರುತ್ತವೆ. ತಾಲ್ಲೂಕಿನ ಹೊಲಗಳಲ್ಲೇ ಗೋವಿನಜೋಳ, ಹತ್ತಿ ಜಾಗ ಹಿಡಿದಿವೆ. ಹೆಸರು ಇಲ್ಲಿಯದು, ಗಿಡ ಬೇರೆ ಕಡೆಯದು ಎನ್ನುವಂತಾದರೆ ಮುಂದೆ ಮಾರುಕಟ್ಟೆಯಲ್ಲಿ ನೋಡಲು ಉಳಿಯುವುದು ಬರೀ ಫಲಕ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಥೆಯೂ ಹೆಚ್ಚುಕಡಿಮೆ ಅಂಥದ್ದೇ. 1974ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 119 ಚದರ ಕಿಲೋಮೀಟರ್. ಇಲ್ಲಿಯವರ ಬಾಯಲ್ಲಿ ಅದು ಚಿಗರಿ. ಶತ್ರುವನ್ನು ದೂರದಿಂದಲೇ ಕಂಡು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಬಯಲು ಬೇಕು, ಹುಲ್ಲು ಬೇಕು. ಆದರೆ ಇಲ್ಲಿ ಸಾಲುಸಾಲಾಗಿ ನೆಟ್ಟದ್ದು ನೀಲಗಿರಿ. ಬಯಲು ಕಂಡರೆ ಬರಡು ಭೂಮಿ, ಮರ ನೆಡಬೇಕು ಎಂದುಕೊಳ್ಳುವ ತಿಳಿವಳಿಕೆ ಆ ಕಾಲದ್ದು. ಚಿಗರಿಗಳು ಹೇಗೋ ಹೊಂದಿಕೊಂಡವು, ಸುತ್ತಲಿನ ಬೆಳೆಗೂ ಬಾಯಿ ಹಾಕಿದವು. ಹೊಂದಿಕೊಳ್ಳಲಾರದೆ ಹೋದದ್ದು ಎರ್ಲಡ್ಡು ಹಕ್ಕಿ. ಒಂದು ಕಾಲಕ್ಕೆ ಅದನ್ನು ನೋಡಲೆಂದೇ ಪಕ್ಷಿಪ್ರಿಯರು ರಾಣೆಬೆನ್ನೂರಿಗೆ ಬರುತ್ತಿದ್ದರು. ಈಗ ಆ ಆಸೆ ಇಟ್ಟುಕೊಂಡು ಬರುವಂತಿಲ್ಲ. ಚಿಗರಿ ನೋಡುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಬಿಸಿಲೇರುವ ಮುನ್ನ ಹುಣಸಿಕಟ್ಟಿ ಕಡೆಗೆ ಹೋಗಬೇಕು. ಕಪ್ಪು ಬೆನ್ನಿನ, ತಿರುಚಿದ ಕೊಂಬಿನದು ಗಂಡು. ಹೆಣ್ಣಿಗೆ ಕಂದು ಬಣ್ಣ.

ಸಮಯ ಉಳಿದರೆ ಅದೇ ತಾಲ್ಲೂಕಿನ ಚೌಡಯ್ಯದಾನಪುರ. ತುಂಗಭದ್ರೆಯ ದಂಡೆಯಲ್ಲಿ ಚಾಲುಕ್ಯ ಶೈಲಿಯ ಮುಕ್ತೇಶ್ವರ ಗುಡಿ, ಎತ್ತರದ ಶಾಸನಗಲ್ಲುಗಳು. ಊರಿನ ಹೆಸರು ಅಂಬಿಗರ ಚೌಡಯ್ಯನನ್ನು ನೆನಪಿಸುತ್ತದೆ. ನದಿಯನ್ನು ನೋಡುತ್ತ ಕುಳಿತರೆ ಆ ವಚನಕಾರನ ಕಾಯಕ ಯಾವುದಿತ್ತೆಂದು ಬೇರೆ ಹೇಳಬೇಕಿಲ್ಲ. ಹೆದ್ದಾರಿಗೆ ಹತ್ತಿಕೊಂಡ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಹುಟ್ಟೂರು. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ತರುಣ ಆತ.

ಬ್ಯಾಡಗಿ ರೈಲು ನಿಲ್ದಾಣ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿದೆ. ಬಸ್ಸಿನಲ್ಲಿ ಬರುವವರು ರಾಣೆಬೆನ್ನೂರಿನಲ್ಲಿ ಇಳಿದರೂ ಆದೀತು, ಬ್ಯಾಡಗಿಯಲ್ಲಿ ಇಳಿದರೂ ಆದೀತು. ಕದರಮಂಡಲಗಿಗೆ ಎರಡೂ ಕಡೆಯಿಂದ ದಾರಿ ಇದೆ. ಉಳಿದುಕೊಳ್ಳಲು ರಾಣೆಬೆನ್ನೂರು ಅನುಕೂಲ. ಭಾನುವಾರ ಮೂವರು ದೇವರನ್ನು ಮುಗಿಸಿಕೊಂಡರೆ ಸೋಮವಾರ ಬೆಳಗ್ಗೆ ಮಾರುಕಟ್ಟೆಗೆ ಸರಿಯಾಗುತ್ತದೆ. ಮೂಗಿಗೆ ಹಿಡಿಯಲು ಒಂದು ಒದ್ದೆ ಕರವಸ್ತ್ರ ಮಾತ್ರ ಮರೆಯಬಾರದು. ಆ ಕೈಯಿಂದ ಕಣ್ಣು ಒರೆಸಿಕೊಳ್ಳಬಾರದು.